ಮೂರನೆಯ ಪ್ರಶ್ನೆ

ಗೋಧಿ ನುಚ್ಚಿನ ಉಪ್ಪಿಟ್ಟು ದೊಡ್ಡ ಹಂಡೆಯಲ್ಲಿ ಬೇಯುವಾಗ ಒಂದು ವಾಸನೆ ಏಳುತ್ತದೆ. ಅರ್ಧ ಕಾದ ಎಣ್ಣೆಯದು, ಅರ್ಧ ಒದ್ದೆ ಗೋಣಿಚೀಲದ್ದು. ಮಾಲೂರಿನ ಶಾಲೆಯಲ್ಲಿ ಹುಡುಗಿಯಾಗಿದ್ದಾಗ ಮೂಗಿಗೆ ಹತ್ತಿದ ಆ ವಾಸನೆ ಎಪ್ಪತ್ತು ದಾಟಿದ ಮೇಲೂ ಮಾಲಿನಿಯನ್ನು ಬಿಟ್ಟಿರಲಿಲ್ಲ. ಅವಳ ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮಧ್ಯಾಹ್ನ ಮನೆಗೆ ಹೋಗಿ ಉಣ್ಣುವ ಮಕ್ಕಳ ಸಾಲಿನವಳು ಅವಳು, ಉಪ್ಪಿಟ್ಟು ಅವಳಿಗಲ್ಲ. ಆದರೂ ಗಂಟೆ ಹೊಡೆದ ಮೇಲೆ ಅಡುಗೆ ಕೋಣೆಯ ಬಾಗಿಲ ಬಳಿ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಹಂಡೆ ಕೆದಕುತ್ತಿದ್ದ ಆಯಾ ಅದನ್ನು ಯಾವಾಗ ಗಮನಿಸಿದ್ದಳೋ ಏನೋ, ಒಂದು ದಿನ ಮುತ್ತುಗದ ಎಲೆಯ ಮೇಲೆ ಒಂದು ಹಿಡಿ ಹಾಕಿ ಬಾಗಿಲ ಹಿಂದೆ ಇಟ್ಟು, ತನಗೇನೂ ಸಂಬಂಧವಿಲ್ಲದವಳಂತೆ ಆಚೆ ಮುಖ ಮಾಡಿ ಸೌದೆ ಮುರಿಯುತ್ತ ಕೂತಳು. ಮಾಲಿನಿ ತಿಂದಳು. ಮನೆಯಲ್ಲಿ ಹೇಳಲಿಲ್ಲ, ಗೆಳತಿಯರಿಗೂ ಹೇಳಲಿಲ್ಲ. ಹೇಳಬಾರದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ವಯಸ್ಸಿಗೆ ಅದು ತಾನಾಗಿಯೇ ಗೊತ್ತಿತ್ತು.

ಮಗಳು ನಂದಿತಾಗೆ ಹೊಸೂರಿನ ಕಂಪನಿಯೊಂದರಲ್ಲಿ ಕೆಲಸವಾದಾಗ ಮಾಲಿನಿಯೂ ಅವಳ ಜೊತೆ ಬಂದು ನೆಲೆಸಿದಳು. ಬಿ.ಎ. ಮಾಡಿದ್ದಳು, ಆದರೆ ಎಲ್ಲೂ ಕೆಲಸಕ್ಕೆ ಹೋದವಳಲ್ಲ. ಬೇರಿಕೆ ಕಡೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಓದಿಸುವವರು ಬೇಕಂತೆ ಎಂದು ಪಕ್ಕದ ಮನೆಯವರು ಹೇಳಿದರು. ಒಂದು ಬೆಳಿಗ್ಗೆ ಬಸ್ಸು ಹತ್ತಿದವಳು, ವಾರಕ್ಕೆರಡು ದಿನ ಹತ್ತುತ್ತಲೇ ಹೋದಳು. ಈ ವಯಸ್ಸಿನಲ್ಲಿ ಮೊದಲ ಸಲ ಅವಳನ್ನು ಯಾರೋ ‘ಮಿಸ್’ ಎಂದು ಕರೆದರು. ಅದು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ಬಸ್ಸಿನಲ್ಲಿ ವಾಪಸು ಬರುವಾಗ ಒಬ್ಬಳೇ ನಗುತ್ತಿದ್ದಳು.

ಆ ಮಕ್ಕಳು ಮನೆಯಲ್ಲಿ ಕನ್ನಡ, ಹೊಲದಲ್ಲಿ ತೆಲುಗು, ಅಂಗಡಿಯಲ್ಲಿ ತಮಿಳು ಆಡುವವರು. ಪುಸ್ತಕ ಕೊಟ್ಟರೆ ಕನ್ನಡವನ್ನು ಸರಸರನೆ ಓದಿಬಿಡುತ್ತಿದ್ದರು. ‘ಏನು ಓದಿದೆ, ಹೇಳು’ ಎಂದರೆ ಮಾತ್ರ ಸೂರು ನೋಡುತ್ತಿದ್ದರು. ಪುಸ್ತಕದ ಪಾಠಗಳಲ್ಲಿ ಹಡಗು ಇತ್ತು, ಹಿಮ ಇತ್ತು, ಇವರು ಕಂಡದ್ದೇನೂ ಇರಲಿಲ್ಲ. ಹಾಗಾಗಿ ಮಾಲಿನಿ ತಾನೇ ಪುಟ್ಟ ಪುಟ್ಟ ಪಾಠ ಬರೆಯತೊಡಗಿದಳು. ಸಂತೆಯಲ್ಲಿ ಟೊಮೆಟೊ ಕ್ರೇಟು ಹೊರುವವನ ಬಗ್ಗೆ, ಗುಲಾಬಿ ತೋಟದಲ್ಲಿ ಹೂ ಕತ್ತರಿಸುವ ಹುಡುಗಿಯರ ಬಗ್ಗೆ, ಪ್ರತಿ ದಿನ ಒಬ್ಬ ಮುದುಕಿಗಾಗಿ ಬಸ್ಸು ಅರೆಗಳಿಗೆ ನಿಲ್ಲಿಸುವ ಡ್ರೈವರನ ಬಗ್ಗೆ. ಕೊನೆಗೆ ಮೂರು ಪ್ರಶ್ನೆ. ಮೊದಲ ಎರಡಕ್ಕೆ ಉತ್ತರ ಪಾಠದಲ್ಲೇ ಇರುತ್ತಿತ್ತು. ಮೂರನೆಯದಕ್ಕೆ ಇರುತ್ತಿರಲಿಲ್ಲ.

‘ಬರೆದಿರೋದನ್ನ ಎಲ್ಲರೂ ಓದ್ತಾರೆ. ಬರೆಯದೇ ಇರೋದನ್ನೂ ಓದಬೇಕು ಮಕ್ಕಳೇ’ ಎನ್ನುತ್ತಿದ್ದಳು.

‘ಬರೀದೇ ಇರೋದ್ನ ಓದೋಕೆ ಪುಸ್ತಕ ಯಾಕ್ ಮಿಸ್? ಖಾಲಿ ಹಾಳೆ ಕೊಟ್ಬುಡಿ, ನಾನೇ ಫಸ್ಟು’ ಎಂದು ವೆಂಕಿ ಎನ್ನುವ ಹುಡುಗ ಒಮ್ಮೆ ಎಲ್ಲರನ್ನೂ ನಗಿಸಿದ್ದ. ಆದರೆ ಮಕ್ಕಳು ಕಲಿತರು. ಅದರಲ್ಲೂ ಏಳನೆಯ ತರಗತಿಯ ಮುನಿಲಕ್ಷ್ಮಿ. ಮೆಲುದನಿಯ ಹುಡುಗಿ, ಮೂರನೆಯ ಪ್ರಶ್ನೆಗೆ ತಲೆ ಓರೆ ಮಾಡಿ, ಆಳವಾಗಿ ಯೋಚಿಸಿ ಉತ್ತರ ಹೇಳುವವಳು. ‘ಆ ಡ್ರೈವರಿಗೆ ಅಮ್ಮ ಇಲ್ಲ ಅನ್ಸುತ್ತೆ ಮಿಸ್’ ಎಂದು ಅವಳು ಹೇಳಿದ ದಿನ ಮಾಲಿನಿಗೆ ಕಣ್ಣು ತುಂಬಿಬಂದಿತ್ತು.

ಓದಿಸುವ ಕೋಣೆಯ ಕಿಟಕಿಯಿಂದ ಶಾಲೆಯ ಹಿತ್ತಿಲು ಕಾಣುತ್ತಿತ್ತು. ಸೊಂಟದೆತ್ತರದ ಗೋಡೆ, ಅದರಾಚೆ ಕುರಿ ಮೇಯುವ ಬೀಳು. ಸತ್ತುಣವಿನ, ಎಂದರೆ ಶಾಲೆಯ ಮಧ್ಯಾಹ್ನದೂಟದ, ಅಡುಗೆಯವಳು ಹನುಮಕ್ಕ. ಮಕ್ಕಳೆಲ್ಲ ಉಂಡು ಎದ್ದ ಮೇಲೆ ಅವಳು ಉಳಿದ ಅನ್ನ ಸಾಂಬಾರನ್ನು ಒಂದು ತಟ್ಟೆಗೆ ಹಾಕಿ ಆ ಗೋಡೆಯ ಮೇಲಿಡುತ್ತಿದ್ದಳು. ಇಟ್ಟು, ಬೆನ್ನು ತಿರುಗಿಸಿ, ಹಂಡೆ ಉಜ್ಜಲು ಕೂರುತ್ತಿದ್ದಳು. ಬೀಳಿನ ಕಡೆಯಿಂದ ಕುರಿ ಕಾಯುವ ಮುದುಕ ಬೋರಯ್ಯ ಬಂದು, ತಟ್ಟೆ ಎತ್ತಿಕೊಂಡು ಗೋಡೆಯ ಕೆಳಗೆ ಕೂತು ಉಣ್ಣುತ್ತಿದ್ದ. ತೊಳೆದ ತಟ್ಟೆ ಮತ್ತೆ ಗೋಡೆಯ ಮೇಲೆ ಬಂದು ಕೂರುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ, ಒಂದು ಮಾತೂ ಇಲ್ಲ.

ಇಂಥದ್ದು ಕಣ್ಣಿಗೆ ಬಿದ್ದರೆ ಮಾಲಿನಿಗೆ ಸುಮ್ಮನಿರಲಾಗುತ್ತಿರಲಿಲ್ಲ. ಅವಳು ಅದನ್ನೇ ಪಾಠ ಮಾಡಿದಳು. ಊರಿನ ಹೆಸರಿಲ್ಲ, ಯಾರ ಹೆಸರೂ ಇಲ್ಲ. ‘ಒಂದು ಶಾಲೆಯಲ್ಲಿ ಒಬ್ಬ ಅಡುಗೆಯಾಕೆ ಇದ್ದಳು’ ಎಂದು ಶುರು. ಗೋಡೆ, ತಟ್ಟೆ, ತಿರುಗಿಸಿದ ಬೆನ್ನು, ಎಲ್ಲ ಬಂತು. ಕೊನೆಗೆ ಪ್ರಶ್ನೆ. ಒಂದು: ಅಡುಗೆಯಾಕೆ ತಟ್ಟೆಯನ್ನು ಎಲ್ಲಿ ಇಡುತ್ತಿದ್ದಳು? ಎರಡು: ಇಟ್ಟ ಮೇಲೆ ಏನು ಮಾಡುತ್ತಿದ್ದಳು? ಮೂರು: ಆ ಊಟ ಯಾರಿಗಾಗಿ? ‘ಹಸಿದಿದ್ದರೂ ಕೈಚಾಚಲು ಮನಸ್ಸಿಲ್ಲದ ಒಬ್ಬರಿಗಾಗಿ’ ಎಂಬ ಉತ್ತರ ಮಕ್ಕಳ ಬಾಯಿಂದ ಬರಬೇಕೆಂದು ಅವಳ ಆಸೆ. ಬರೆದು ಮುಗಿಸಿ ನಂದಿತಾಗೆ ಓದಿ ಹೇಳಿದಳು. ‘ಚೆನ್ನಾಗಿದೆ ಅಮ್ಮ’ ಎಂದಳು ಮಗಳು. ಮಾಲಿನಿಗೂ ಹಾಗೇ ಅನ್ನಿಸಿತು. ಇಲ್ಲಿಯವರೆಗೆ ಬರೆದದ್ದರಲ್ಲೆಲ್ಲ ಇದೇ ಮೇಲು ಅನ್ನಿಸಿತು. ಕೃಷ್ಣಗಿರಿಯಿಂದ ಅಧಿಕಾರಿಯೊಬ್ಬರು ಮಕ್ಕಳ ಓದು ನೋಡಲು ಬರುತ್ತಾರೆಂದು ಹೆಡ್‌ಮಾಸ್ಟರ್ ಯತಿರಾಜ್ ಹೇಳಿದ್ದ. ಆ ದಿನಕ್ಕೆಂದೇ ಅದನ್ನು ಎತ್ತಿಟ್ಟಳು.

ಅಧಿಕಾರಿ ಬಂದರು. ಕನ್ನಡ ಬಲ್ಲವರು, ನಡುನಡುವೆ ತಮಿಳು ಸೇರಿಸಿ ಮಾತಾಡುವವರು, ಮಕ್ಕಳೊಂದಿಗೆ ಬೆಂಚಿನ ಮೇಲೇ ಕೂತ ಸರಳ ಮನುಷ್ಯ. ‘ನಮ್ಮ ಮಾಲಿನಿ ಮೇಡಂ ಪಾಠ ತಾವೇ ಬರೀತಾರೆ ಸಾರ್’ ಎಂದ ಯತಿರಾಜ್. ಮಾಲಿನಿ ಸೆರಗು ಸರಿಮಾಡಿಕೊಂಡು ಹಾಳೆಯನ್ನು ಮುನಿಲಕ್ಷ್ಮಿಯ ಕೈಗಿಟ್ಟಳು.

ಹುಡುಗಿ ಓದಲು ಶುರುಮಾಡಿದಳು. ಮೊದಲ ವಾಕ್ಯ ಎಂದಿನಂತೆ ನಿರಾಳವಾಗಿ ಬಂತು. ಗೋಡೆ ಬಂದ ಕಡೆ ದನಿ ಸ್ವಲ್ಪ ಇಳಿಯಿತು. ತಟ್ಟೆಯ ಹತ್ತಿರ ಅವಳು ತಡವರಿಸಿದಳು, ಒಮ್ಮೆ ತಲೆಯೆತ್ತಿ ಮಾಲಿನಿಯನ್ನು ನೋಡಿದಳು. ಅಧಿಕಾರಿಯೆಂಬ ಭಯ ಎಂದುಕೊಂಡಳು ಮಾಲಿನಿ. ಓದು ಪುಟ್ಟಾ ಎಂದು ಕಣ್ಣಲ್ಲೇ ಹೇಳಿದಳು. ಕ್ಲಾಸು ಎಂದೂ ಇಲ್ಲದಷ್ಟು ನಿಶ್ಶಬ್ದವಾಗಿತ್ತು. ಪಾಠ ಅಷ್ಟು ಹಿಡಿಸಿದೆ ಎಂದು ಅವಳು ಹಿಗ್ಗಿದಳು.

ಮೊದಲ ಎರಡು ಪ್ರಶ್ನೆಗೆ ಮುನಿಲಕ್ಷ್ಮಿ ಸರಿಯಾಗಿ ಉತ್ತರ ಹೇಳಿದಳು.

‘ಮೂರನೇದು ಬಹಳ ಚೆನ್ನಾಗಿದೆ’ ಎಂದರು ಅಧಿಕಾರಿ. ‘ಆ ಊಟ ಯಾರಿಗಾಗಿ? ಹೇಳಮ್ಮ.’

‘ಪಾಠದಾಗೆ ಬರ್ದಿಲ್ಲ ಸಾರ್.’

‘ಬರೆಯದೇ ಇರೋದನ್ನೂ ಓದಬೇಕು ಅಂತ ಹೇಳಿದ್ದೀನಲ್ಲ ಪುಟ್ಟಾ?’ ಎಂದಳು ಮಾಲಿನಿ. ‘ಯೋಚಿಸು. ನಿನಗೆ ಗೊತ್ತಾಗುತ್ತೆ.’

‘ಗೊತ್ತಿಲ್ಲ ಮಿಸ್.’

‘ಮುನಿಲಕ್ಷ್ಮಿ…’

‘ನಂಗೆ ಗೊತ್ತಿಲ್ಲ ಮಿಸ್.’ ಹುಡುಗಿಯ ಕೈಯಲ್ಲಿದ್ದ ಹಾಳೆಯ ಅಂಚು ಮುದುಡಿತ್ತು.

ಮಾಲಿನಿಗೆ ನಿರಾಸೆಯಾಯಿತು. ಇಷ್ಟು ದಿನ ಕಲಿಸಿದ್ದು ಇವತ್ತೇ ಕೈಕೊಡಬೇಕೇ? ‘ಬೇರೆ ಯಾರು ಹೇಳ್ತೀರಿ? ಧೈರ್ಯವಾಗಿ ಹೇಳಿ, ಸಾರ್ ಏನೂ ಅನ್ನಲ್ಲ’ ಎಂದು ಕ್ಲಾಸಿನತ್ತ ತಿರುಗಿದಳು. ಯಾರೂ ಕೈಯೆತ್ತಲಿಲ್ಲ. ಅವಳು ಮತ್ತೊಮ್ಮೆ ಕೇಳಿದಳು. ಮಿಸ್ಸಿಗೆ ಅವಮಾನವಾಗುತ್ತಿದೆ ಎಂದು ವೆಂಕಿಗೆ ಅನ್ನಿಸಿತೋ, ಇಲ್ಲ ಬಾಯಿ ತಡೆಯಲಿಲ್ಲವೋ, ಚಂಗನೆ ಎದ್ದು ನಿಂತ.

‘ಬೋರಯ್ಯ ತಾತಂಗೆ ಸಾರ್! ನಮ್ ಹನುಮಕ್ಕ ದಿನಾ ಇಕ್ತಾಳೆ, ಹಿಂದ್ಗಡೆ ಗ್ವಾಡೆ ಮ್ಯಾಲೆ!’

ಪಕ್ಕದ ಹುಡುಗ ಅವನ ಚಡ್ಡಿ ಹಿಡಿದೆಳೆದ. ‘ಕುಂತ್ಕೊಳ್ಲಾ, ನಿನ್ ಬಾಯಿಗ್ ಮಣ್ಣಾಕ’ ಎಂದು ಮೆಲ್ಲಗೆ ಬೈದದ್ದು ಎಲ್ಲರಿಗೂ ಕೇಳಿಸಿತು. ವೆಂಕಿ ಕೂತ. ಅವನ ಮುಖ ಸಣ್ಣಗಾಯಿತು. ಆಗ ಮಾಲಿನಿಗೆ ಅರ್ಥವಾಯಿತು. ಕ್ಲಾಸಿಗೆ ಕ್ಲಾಸೇ ಇದನ್ನು ಮೊದಲಿನಿಂದಲೂ ಬಲ್ಲದು. ಬಲ್ಲದ್ದರಿಂದಲೇ ಸುಮ್ಮನಿತ್ತು. ಮುನಿಲಕ್ಷ್ಮಿ ಬರೆಯದೇ ಇದ್ದುದನ್ನೂ ಓದಿಯೇ ‘ಗೊತ್ತಿಲ್ಲ’ ಎಂದಿದ್ದಳು.

ಅಧಿಕಾರಿಯ ನಗು ಅಲ್ಲೇ ನಿಂತಿತು. ‘ಇದು ಕಲ್ಪನೆ ಸಾರ್, ನಾನೇ ಕಟ್ಟಿ ಬರೆದದ್ದು’ ಎಂದಳು ಮಾಲಿನಿ. ಅವಳ ದನಿ ಅವಳಿಗೇ ಬೇರೆಯವರದ್ದೆನಿಸಿತು.

‘ಮಕ್ಕಳು ಕಲ್ಪಿಸಿಲ್ಲವಲ್ಲಮ್ಮ’ ಎಂದರು ಅವರು. ಹೊರಗೆ ಬಂದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: ‘ಉಳಿದ ಅನ್ನ ಎಲ್ಲಿಗೆ ಹೋಗುತ್ತೆ ಅಂತ ನಾನು ಯಾವ ಶಾಲೆಯಲ್ಲೂ ತಿರುಗಿ ನೋಡೋದಿಲ್ಲ. ಇಷ್ಟು ಜನರ ಮುಂದೆ ಹೇಳಿದ್ದನ್ನು ಕೇಳಿಲ್ಲ ಅಂತ ಹೇಗಮ್ಮ ಇರಲಿ? ಹೊರಗಿನವರಿಗೆ ಕೊಡೋ ಹಾಗಿಲ್ಲ.’

ಹನುಮಕ್ಕನಿಗೆ ಮೆಮೋ ಬಂತು. ಯತಿರಾಜ್ ತಾನೇ ಕೂತು ಅವಳ ಪರವಾಗಿ ಉತ್ತರ ಬರೆದುಕೊಟ್ಟ. ಇನ್ನು ಹೀಗೆ ಮಾಡುವುದಿಲ್ಲ ಎಂಬುದಕ್ಕೆ ಅವಳು ಸಹಿ ಹಾಕಿದಳು. ಕೆಲಸ ಉಳಿಯಿತು. ‘ನೀವು ಒಳ್ಳೇದಕ್ಕೇ ಬರೆದ್ರಿ ಮೇಡಂ, ಮನಸ್ಸಿಗೆ ಹಚ್ಕೋಬೇಡಿ’ ಎಂದ ಅವನು. ಆ ಮಾತು ಮಾಲಿನಿಯನ್ನು ಬಯ್ಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು. ಒಳ್ಳೆಯದಕ್ಕೆ ಬರೆದೆನೇ? ಒಳ್ಳೆಯದನ್ನು ಕಂಡವಳು ನಾನು ಎಂದು ತೋರಿಸಿಕೊಳ್ಳಲು ಬರೆದೆನೇ? ಹುಡುಗಿ ಆ ಹಾಳೆ ಓದುವಾಗ ಅವಳ ಗಮನವಿದ್ದದ್ದು ಅಧಿಕಾರಿಯ ಮುಖದ ಮೇಲೆ, ಹುಡುಗಿಯ ಮುಖದ ಮೇಲಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಅದನ್ನೂ ಯತಿರಾಜನೇ ಹೇಳಿದ. ಬೋರಯ್ಯನ ಮನೆಗೂ ಹನುಮಕ್ಕನ ಮನೆಗೂ ಗಡಿಯ ಹುಣಸೆಮರಕ್ಕಾಗಿ ಜಗಳವಾಗಿ ಮಾತು ನಿಂತುಹೋಗಿತ್ತು. ಮರ ಎಂದೋ ಬಿದ್ದು ಒಲೆಗೂ ಹೋಯಿತು, ಜಗಳ ಮಾತ್ರ ಬಿದ್ದಿರಲಿಲ್ಲ. ಮಾತು ಬಿಟ್ಟ ಮನೆಯವರ ಕೈಯಿಂದ ಆ ಊರಲ್ಲಿ ನೀರೂ ಮುಟ್ಟುವುದಿಲ್ಲ. ಆದರೆ ಗೋಡೆಯ ಮೇಲಿಟ್ಟದ್ದಕ್ಕೆ ಕೊಟ್ಟವರೆಂಬುವರಿಲ್ಲ. ಇಟ್ಟವಳು ನೋಡಿಲ್ಲ, ತೆಗೆದುಕೊಂಡವನು ಕಂಡಿಲ್ಲ. ಬೋರಯ್ಯನ ಮಗ ಸೊಸೆ ಇಬ್ಬರೂ ಸೂಳಗಿರಿ ಕಡೆಯ ಕಂಪನಿಗೆ ಮುಂಜಾನೆಯ ಶಿಫ್ಟಿಗೆ ಹೋಗುವವರು. ಅವರು ಇಟ್ಟುಹೋದ ಮುದ್ದೆ ಬೆಳಗಿನ ಹೊತ್ತಿಗೇ ಮುಗಿದು, ಮುದುಕ ಸಂಜೆಯವರೆಗೆ ಕುರಿಗಳ ಹಿಂದೆ ಅಲೆಯುತ್ತಿದ್ದ. ಹನುಮಕ್ಕ ಅದನ್ನು ಕಂಡಿದ್ದಳು. ಊರು ಇವರಿಬ್ಬರನ್ನೂ ಕಂಡಿತ್ತು, ಕಂಡೂ ಕಾಣದಂತಿತ್ತು. ಈಗ ಅದು ಅಧಿಕಾರಿಯ ಎದುರಲ್ಲಿ ಹೆಸರು ಹಿಡಿದು ಹೇಳಿದ ಮಾತಾಯಿತು. ಇನ್ನು ಯಾರೂ ಕಾಣದಂತಿರುವ ಹಾಗಿರಲಿಲ್ಲ. ಬೋರಯ್ಯ ಗೋಡೆಯ ಕಡೆ ಬರುವುದನ್ನೇ ಬಿಟ್ಟ.

ಮುಂದಿನ ಸಲ ಮಾಲಿನಿ ಮನೆಯಿಂದ ಚಿತ್ರಾನ್ನ ಮೊಸರನ್ನ ಕಟ್ಟಿಕೊಂಡು, ಸೀದಾ ಬೀಳಿನತ್ತ ನಡೆದಳು. ಮುದುಕ ಜಾಲಿಯ ನೆರಳಲ್ಲಿ ಕೋಲಿಗೆ ಗದ್ದ ಊರಿ ಕೂತಿದ್ದ. ತುಟಿ ಒಣಗಿತ್ತು.

‘ಬೋರಯ್ಯನವರೇ, ಊಟ ತಂದಿದ್ದೀನಿ.’

‘ಬಾರವ್ವಾ, ಕುಂತ್ಕೊ. ಬಿಸ್ಲು ಜಾಸ್ತಿ’ ಎಂದು ಅವನು ಪಕ್ಕಕ್ಕೆ ಸರಿದು ನೆರಳು ಬಿಟ್ಟುಕೊಟ್ಟ. ಬುತ್ತಿಯನ್ನು ನೋಡಲಿಲ್ಲ. ‘ನಂದು ಊಟ ಆಯ್ತು ಕಣವ್ವಾ. ಹೊಟ್ಟೆ ತುಂಬೈತೆ.’

‘ನನ್ನ ಮನೆಯದು. ಶಾಲೇದಲ್ಲ.’

‘ಯಾರ್ ಮನೇದಾದ್ರೇನವ್ವಾ, ಹೊಟ್ಟೆ ತುಂಬಿದೋನ್ಗೆ.’ ಅವನೇ ನಕ್ಕ. ‘ನನ್ ಹೆಸ್ರು ಪಾಠದಾಗೆ ಬಂತಂತಲ್ಲ? ನಾನು ಇಸ್ಕೂಲ್ ಮೆಟ್ಲು ಹತ್ತಿದೋನಲ್ಲ. ಓದ್ದೆ ಇದ್ರೂ ಪಾಠ ಆಗ್ಬುಟ್ಟೆ ನೋಡು.’

‘ಹೆಸರು ಬರೆದಿರಲಿಲ್ಲ’ ಎಂದಳು ಮಾಲಿನಿ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

‘ಬರೀದಿದ್ರೆ ಏನಂತೆ? ಮಕ್ಳು ಜಾಣ್ರಾಗವ್ರೆ, ಓದ್ಕಂಡವ್ರೆ. ಚೆಂದಾಗಿ ಹೇಳ್ಕೊಟ್ಟಿದ್ದೀಯ.’

ಅದರಲ್ಲಿ ಕುಹಕವಿತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಬುತ್ತಿ ಎತ್ತಿಕೊಂಡು ವಾಪಸು ಬರುವಾಗ ಬೆನ್ನಿಗೆ ಕೇಳಿಸಿತು: ‘ಆ ಕಡೆ ಮುಳ್ಳೈತೆ, ಈ ಕಡೆಯಿಂದ ಹೋಗವ್ವಾ.’

ಕ್ಲಾಸಿನಲ್ಲಿ ಮಕ್ಕಳು ಕಾಯುತ್ತಿದ್ದರು. ಅವಳು ಯಾವ ಪಾಠವನ್ನೂ ಬರೆದು ತಂದಿರಲಿಲ್ಲ. ಇನ್ನು ಬರುವುದಿಲ್ಲ ಎಂದು ಹೇಳಿ ಹೋಗುವುದೆಂದು ಬಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದಳು. ಆದರೆ ವೆಂಕಿ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತದ್ದು ಕಂಡಿತು. ಅವನು ಹಿಂದಿನ ಬೆಂಚಿನಲ್ಲಿ ಕೂರುವವನೇ ಅಲ್ಲ. ಅವನನ್ನು ಹಾಗೆ ಕೂರಿಸಿ ತಾನು ಹೊಸೂರಿನ ಮನೆಯಲ್ಲಿ ಹಾಯಾಗಿರುವುದು ಹೇಗೆ?

‘ವೆಂಕಿ, ಮುಂದೆ ಬಾ’ ಎಂದಳು. ‘ಅವತ್ತು ತಪ್ಪು ನಿನ್ನದಲ್ಲ. ಕೇಳಬಾರದ್ದನ್ನು ನಾನು ಕೇಳಿದೆ. ಕೇಳಿದ್ದಕ್ಕೆ ನೀನು ಹೇಳಿದೆ. ನನ್ನ ಪ್ರಶ್ನೆಯೇ ತಪ್ಪು. ಮುನಿಲಕ್ಷ್ಮಿ ಹೇಳಿದ್ದೇ ಸರಿಯಾದ ಉತ್ತರ.’

ಮುನಿಲಕ್ಷ್ಮಿ ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು.

‘“ಗೊತ್ತಿಲ್ಲ” ಅಂದಿದ್ಕೂ ಮಾರ್ಕು ಕೊಡ್ತೀರಾ ಮಿಸ್?’ ಎಂದ ವೆಂಕಿ, ಕಣ್ಣೊರೆಸಿಕೊಳ್ಳುತ್ತ. ‘ಅಂಗಾದ್ರೆ ನಂಗೆ ಗಣಿತದಾಗೆ ನೂರು ಬರುತ್ತೆ.’

ಕ್ಲಾಸು ನಕ್ಕಿತು. ಮಾಲಿನಿಗೆ ನಗಲಾಗಲಿಲ್ಲ. ಆದರೂ ಹಳೆಯ ಪಾಠವೊಂದನ್ನು ಹುಡುಕಿ ಓದಿಸಿದಳು. ಮೂರನೆಯ ಪ್ರಶ್ನೆಗೆ ಬಂದಾಗ ಹುಡುಗಿಯೊಬ್ಬಳು ಕೇಳಿದಳು: ‘ಇದ್ನ ಹೇಳ್ಬೋದಾ ಮಿಸ್?’ ಅಲ್ಲಿಯವರೆಗೆ ಯಾರೂ ಆ ಮಾತು ಕೇಳಿರಲಿಲ್ಲ.

ಊಟದ ಗಂಟೆಯಾಯಿತು. ಮಕ್ಕಳು ಉಂಡರು, ತಟ್ಟೆ ತೊಳೆದರು, ಆಟಕ್ಕೆ ಓಡಿದರು. ಮಾಲಿನಿ ಹಿತ್ತಿಲಿಗೆ ಬಂದಳು. ಹನುಮಕ್ಕ ಹಂಡೆಯೊಳಗೆ ಅರ್ಧ ಇಳಿದು ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಗೋಡೆಯ ಮೇಲೆ ಏನೂ ಇರಲಿಲ್ಲ. ತಟ್ಟೆ ಇಟ್ಟು ಇಟ್ಟು ನುಣುಪಾದ ಜಾಗ ಮಾತ್ರ ಕಾಣುತ್ತಿತ್ತು.

‘ಹನುಮಕ್ಕ’ ಎಂದಳು ಮಾಲಿನಿ. ‘ನನ್ನಿಂದ ತಪ್ಪಾಯ್ತಮ್ಮ. ಬಹಳ ತಪ್ಪಾಯ್ತು.’

ಹಂಡೆಯ ಸದ್ದು ನಿಂತಿತು. ಹನುಮಕ್ಕ ತಲೆ ಹೊರಗೆ ತೆಗೆದು, ಮೊಣಕೈಯಿಂದ ಹಣೆಯ ಕೂದಲು ಸರಿಸಿದಳು. ‘ಮೊದ್ಲು ಸಿಟ್ಟು ಬಂದಿತ್ತು ಟೀಚರಮ್ಮಾ. ಸುಳ್ಳು ಹೇಳಲ್ಲ. ನಿಮ್ನ ಬೈಯ್ದೂ ಬೈಯ್ದೆ. ಮನ್ಯಾಗೆ ನಮ್ಮತ್ತೆ ನನ್ನ ಬೈಯ್ತು, ನಾನು ನಿಮ್ನ ಬೈಯ್ದೆ. ಲೆಕ್ಕ ಸರಿಯಾಯ್ತು.’

‘ಅವರು ಈಗ ಉಪವಾಸ ಕೂತಿದ್ದಾರೆ. ನಾನು ತಂದುಕೊಟ್ಟರೆ ಮುಟ್ಟಲಿಲ್ಲ.’

‘ಮುಟ್ಟಲ್ಲ. ಎದ್ರಿಗ್ ನಿಂತ್ಕಂಡು ಕೊಟ್ರೆ ಯಾರ್ ಮುಟ್ತಾರೆ?’ ಹನುಮಕ್ಕ ನೀರು ಚೆಲ್ಲಿದಳು. ಆಮೇಲೆ ಹಂಡೆಗೇ ಹೇಳುವವಳಂತೆ ಅಂದಳು: ‘ಮುದುಕ ನಾಳೆಯಿಂದ ಉಣ್ತಾನೆ ಬಿಡಿ. ನಮ್ಮನೆ ಮುದ್ದೆ, ನನ್ ಪಾಲಿಂದು. ಗೌರ್ಮೆಂಟು ಅಕ್ಕಿ ಅಲ್ಲ.’

‘ಎಲ್ಲಿ ಇಡ್ತೀಯಾ?’ ಎಂಬ ಪ್ರಶ್ನೆ ಮಾಲಿನಿಯ ನಾಲಿಗೆಯ ತುದಿಯವರೆಗೆ ಬಂತು.

ಹನುಮಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು.

ಮಾಲಿನಿ ಕೇಳಲಿಲ್ಲ. ಬೀಳಿನತ್ತಲೂ ನೋಡಲಿಲ್ಲ. ಗೋಡೆಗೆ ಒರಗಿಕೊಂಡು, ಕೆಳಗೆ ಮೆಲ್ಲಗೆ ಕೂತಳು. ಬೆಳಗಿನಿಂದ ಅವಳು ಒಂದು ತುತ್ತೂ ತಿಂದಿರಲಿಲ್ಲ. ಮುದುಕ ಮುಟ್ಟದ ಬುತ್ತಿಯನ್ನು ತಾನು ಬಿಚ್ಚಲು ಮನಸ್ಸಾಗಿರಲಿಲ್ಲ. ಕಣ್ಣು ತುಂಬಿ ಬಂತು. ಇವಳ ಮುಂದೆ ಅಳಬಾರದು, ಅತ್ತರೆ ಸಮಾಧಾನ ಮಾಡುವ ಕೆಲಸವೂ ಇವಳಿಗೇ ಬೀಳುತ್ತದೆ ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಸ್ವಲ್ಪ ಹೊತ್ತು ನೀರಿನ ಸದ್ದು, ಬಳೆಯ ಸದ್ದು. ಆಮೇಲೆ ಒಂದು ಡಬ್ಬಿಯ ಮುಚ್ಚಳ ತೆಗೆದ ಸದ್ದು. ಹುರುಳಿಕಾಳು ಸಾರಿನ ವಾಸನೆ ಬಂತು, ಅದರ ಹಿಂದೆಯೇ ರಾಗಿಯ ವಾಸನೆ.

ಮಾಲಿನಿ ಸೆರಗು ಸರಿಸಿದಾಗ ತಲೆಯ ಪಕ್ಕದಲ್ಲಿ, ಗೋಡೆಯ ಆ ನುಣುಪು ಜಾಗದಲ್ಲಿ, ಒಂದು ತಟ್ಟೆ ಇತ್ತು. ಅರ್ಧ ಮುದ್ದೆ, ಗುಳಿ ಮಾಡಿ ಹಾಕಿದ ಸಾರು, ಒಂದು ಚೂರು ಈರುಳ್ಳಿ. ಹನುಮಕ್ಕ ಆಗಲೇ ಬೆನ್ನು ತಿರುಗಿಸಿ ಕೂತು, ಉಜ್ಜಿ ಮುಗಿದಿದ್ದ ಹಂಡೆಯನ್ನೇ ಮತ್ತೆ ಉಜ್ಜುತ್ತಿದ್ದಳು.